ಯಾರದೋ ಕಾರು

ನಮ್ಮ ಮನೆಯಲ್ಲಿ ಜೋಗದ ಫೋಟೋ ಒಂದಿದೆ. ಅದರಲ್ಲಿ ಜೋಗ ಮಾತ್ರ ಇಲ್ಲ. ರಾಜ, ರಾಣಿ, ರೋರರ್, ರಾಕೆಟ್, ನಾಲ್ಕನ್ನೂ ಮಂಜು ನುಂಗಿದೆ. 830 ಅಡಿ ಧುಮುಕುವ ನೀರಿರಬೇಕಾದ ಕಡೆ ಬರೀ ಬಿಳಿ. ಮಳೆಗಾಲದಲ್ಲಿ ಅಲ್ಲಿಗೆ ಹೋದವರ ಹಣೆಬರಹವೇ ಅಷ್ಟು, ಅಲ್ವಾ? ಫೋಟೋದ ಹಿಂಬದಿಯಲ್ಲಿ ಅಪ್ಪ ‘ಜೋಗ, 1969’ ಅಂತ ಬರೆದಿಡದಿದ್ದರೆ ಯಾವ ಊರೆಂದೇ ತಿಳಿಯುತ್ತಿರಲಿಲ್ಲ.

ಕಾರು ಮಾತ್ರ ಸ್ಪಷ್ಟವಾಗಿದೆ. ಎರಡೇ ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ನಂಬರ್ ಪ್ಲೇಟಿನಲ್ಲಿ ಮೈಸೂರು ರಾಜ್ಯದ ‘ಎಂವೈ’ ಕೂಡ ಓದಬಹುದು. ಅಪ್ಪ ಅದರ ಬಾನೆಟ್ ಮೇಲೆ ಕೈಯಿಟ್ಟು, ಈಗಷ್ಟೇ ಘಟ್ಟ ಹತ್ತಿಸಿ ಬಂದವರ ಹಾಗೆ ನಿಂತಿದ್ದಾರೆ. ಅವರು ಬಂದದ್ದು ತಾಳಗುಪ್ಪದವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವರಲ್ಲ. ‘ಕಾರು ನಿಮ್ಮದಾ?’ ಅಂತ ಯಾರಾದರೂ ಕೇಳಿದರೆ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ. ಸುಮ್ನೆ ನಗುತ್ತಿದ್ದರು.

ಆಸೆಪಡುವಂಥ ಕಾರೇ ಅದು. ಅಂಬಾಸಿಡರ್ ಊಟ ಮುಗಿಸಿ ಜಗಲಿಯಲ್ಲಿ ಕೂತ ಯಜಮಾನರಂತಿದ್ದರೆ, ಇದು ಇಸ್ತ್ರಿ ಪ್ಯಾಂಟು ಹಾಕಿದ ಕಾಲೇಜು ಹುಡುಗ. ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಆಗಿ ಹುಟ್ಟಿ, 1961ರಿಂದ ಮದ್ರಾಸಿನಲ್ಲಿ ‘ಸ್ಟ್ಯಾಂಡರ್ಡ್’ ಆಯಿತು. ಇಂಜಿನ್ 948 ಸಿಸಿ, ಈಗಿನ ಸಣ್ಣ ಕಾರುಗಳಷ್ಟೇ. ಬಾನೆಟ್ ತೆರೆಯುವುದಂತೂ ಒಂದು ತಮಾಷೆ. ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮೂತಿಯೇ ಎದ್ದು ಮುಂದಕ್ಕೆ ಬಗ್ಗುತ್ತದೆ. ರಿಪೇರಿಗೆ ಅದಕ್ಕಿಂತ ಸಲೀಸು ಇನ್ನೊಂದಿಲ್ಲ. ದಾರಿಯಲ್ಲಿ ಕೆಟ್ಟು ನಿಂತರೆ ಮಾತ್ರ ಸುತ್ತ ಜಾತ್ರೆ ಸೇರುವುದು ಖಂಡಿತ.

ಅಮ್ಮನಿಗೆ ನೆನಪಿರುವುದು ಬಾಗಿಲು. ‘ಹಿಂದೆ ಕೂರೋದು ಹೇಗೆ?’ ಅಂತ ಕೇಳಿದ್ದಕ್ಕೆ ಕಾರಿನವರು ಮುಂದಿನ ಸೀಟು ಬಗ್ಗಿಸಿ ತೋರಿಸಿದರಂತೆ. ‘ಸೀರೆ ಉಟ್ಕೊಂಡು ಅಲ್ಲಿ ನುಸುಳೋದಕ್ಕಿಂತ ಬಸ್ಸೇ ವಾಸಿ’ ಅನ್ನುವುದು ಅಮ್ಮನ ತೀರ್ಪು. ಹಾಗೆ ಅಂದವರು ಅಮ್ಮ ಒಬ್ಬರೇ ಅಲ್ಲ ಅಂತ ಕಾಣುತ್ತದೆ, ಮದ್ರಾಸಿನವರು ನಾಲ್ಕು ಬಾಗಿಲಿನದ್ದನ್ನೂ ತಂದರು. 1971ಕ್ಕೆ ಹೆರಾಲ್ಡ್ ನಿಂತೇ ಹೋಯಿತು. ಜಗಲಿಯ ಯಜಮಾನರು, ಅಂದರೆ ಅಂಬಾಸಿಡರ್, ಮಾತ್ರ 2014ರವರೆಗೂ ಎಳೆದರು. ಈಗ ಹೆರಾಲ್ಡ್ ನೋಡಬೇಕೆಂದರೆ ಹಳೇ ಕಾರುಗಳ ಮೆರವಣಿಗೆಗೇ ಹೋಗಬೇಕು.

ಈ ಫೋಟೋದಲ್ಲಿ ನನಗೊಂದು ವಿಚಿತ್ರ ಕಾಣುತ್ತಿತ್ತು. ಅಮ್ಮ ಪೂರ್ತಿ ಮೂಲೆಗೆ ಸರಿದಿದ್ದಾರೆ. ಅಪ್ಪನ ಎಡಗೈ ಮೊಣಕೈಯಲ್ಲೇ ಕತ್ತರಿಸಿ ಹೋಗಿದೆ. ಕಾರು ಮಾತ್ರ ಮುಂದಿನ ಬಂಪರಿನಿಂದ ಬಾಲದ ಮೊನೆಯವರೆಗೆ ಇಡಿಯಾಗಿ ಬಿದ್ದಿದೆ.

‘ತೆಗೆದವರ್‍ಯಾರು?’ ಅಂತ ಕೊನೆಗೂ ಒಮ್ಮೆ ಅಮ್ಮನನ್ನು ಕೇಳಿದೆ.

‘ಇನ್ಯಾರು? ನಮ್ಮ ಹತ್ರ ಕ್ಯಾಮೆರಾ ಎಲ್ಲಿತ್ತು? ಆ ಕಾರಿನವರೇ. ಪಾಪ, ವಿಳಾಸ ಬರ್ಕೊಂಡು ಪೋಸ್ಟಲ್ಲಿ ಕಳಿಸಿದ್ರು.’