ಕೋಳಿ ಭಾಗ್ಯ

ಸುಗ್ಗಿ ಹೊತ್ತಿಗೇ ಮಳೆ ಹಿಡಿದರೆ ಹಾವೇರಿ, ದಾವಣಗೆರೆ ಕಡೆ ಡಾಂಬರು ರಸ್ತೆಯೇ ಕಣ. ಮೆಕ್ಕೆಜೋಳ ಹರವಬೇಕು, ಮೋಡ ಕಂಡರೆ ತಾಡಪಾಲು ಹೊಚ್ಚಬೇಕು, ಮತ್ತೆ ಹರವಬೇಕು. ಹೀಗೆ ಹೈರಾಣಾಗಿ ಮಾರುಕಟ್ಟೆಗೆ ತಂದರೆ ಅಲ್ಲಿ ವಿಜ್ಞಾನ ಕಾದು ಕೂತಿರುತ್ತದೆ. ಒಂದು ಹಿಡಿ ಕಾಳು ಯಂತ್ರಕ್ಕೆ ಸುರಿದರೆ ಸಾಕು, ತೇವಾಂಶ ಶೇ 14ಕ್ಕಿಂತ ಜಾಸ್ತಿ ಅನ್ನುತ್ತದೆ. ದರ ಇಳಿಯಿತು. ಎಂಥ ಚುರುಕು ಯಂತ್ರ ನೋಡಿ!

ಅದೇ ಕಾಳಿಗೆ ಬೂಷ್ಟು ಬಂದು ಅದರೊಳಗೆ ವಿಷ ಕೂತಿದೆಯಾ ಅಂತ ಕೇಳಿ, ಎಲ್ಲರೂ ಗಡಿಯಾರ ನೋಡುತ್ತಾರೆ. ಹೆಚ್ಚೆಂದರೆ ಮೂಸಿ ನೋಡುತ್ತಾರೆ. ಬೂಷ್ಟು ಬಿಡುವ ಈ ವಿಷದ ಹೆಸರು ಅಫ್ಲಾಟಾಕ್ಸಿನ್, ಅದಕ್ಕೆ ವಾಸನೆ ಇಲ್ಲ. ರೊಟ್ಟಿ ಎಷ್ಟು ಸುಟ್ಟರೂ ಅದು ಪೂರ್ತಿ ಹೋಗುವುದಿಲ್ಲ. ತಿನ್ನುತ್ತಾ ಹೋದರೆ ಲಿವರ್ ಕ್ಯಾನ್ಸರ್ ತರಬಲ್ಲದು. ಧಾನ್ಯದಲ್ಲಿ ಕೆಜಿಗೆ 15 ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ನಿಯಮ ಪುಸ್ತಕದಲ್ಲಿ ಭದ್ರವಾಗಿದೆ, ಬೂಷ್ಟು ಹಿಡಿದಿಲ್ಲ. ಯುರೋಪಿನವರು ತಿನ್ನುವ ಧಾನ್ಯಕ್ಕೆ ಬರೀ 4. ಪಾಪ, ಅವರ ಲಿವರ್ ನಾಜೂಕು.

ಸುಮ್ನೆ ಬೈಯಬಾರದು, ಈ ಪರೀಕ್ಷೆ ಸುಲಭವೂ ಅಲ್ಲ. ವಿಷ ಚೀಲದ ತುಂಬ ಒಂದೇ ಸಮ ಹರಡಿರುವುದಿಲ್ಲ. ನಾಲ್ಕು ಕೆಟ್ಟ ಕಾಳು ಸಿಕ್ಕರೆ ಲೋಡೇ ಫೇಲ್, ಸಿಗದಿದ್ದರೆ ಪಾಸ್. ಹಾಗಾಗಿ ಹತ್ತಾರು ಚೀಲದಿಂದ ಕಾಳು ತೆಗೆದು, ಬೀಸಿ, ಆಮೇಲೆ ನೋಡಬೇಕು. ಆದರೆ ಇದನ್ನು ದಿನಾ ಮಾಡುವವರೂ ಇದ್ದಾರೆ ಮಾರಾಯ್ರೆ. ಯಾರು ಗೊತ್ತಾ? ಕೋಳಿ ಫೀಡ್ ಮಾಡುವವರು! ಕೋಳಿ ಸೊರಗಿದರೆ ಮಾಲೀಕನಿಗೆ ಮರುದಿನವೇ ಲೆಕ್ಕ ಸಿಗುತ್ತದೆ. ಅನ್ನಭಾಗ್ಯದ ಪಕ್ಕದಲ್ಲಿ ಒಂದು ಕೋಳಿ ಭಾಗ್ಯ ಯೋಜನೆಯೂ ಬರಲಿ, ಕೋಳಿಗೆ ನೋಡಿದಷ್ಟು ನಮಗೂ ನೋಡಿ ಹಾಕಲಿ.

ಈ ವಿಷ ಜಗತ್ತಿಗೆ ಗೊತ್ತಾಗಿದ್ದೂ ಹಕ್ಕಿಗಳ ಪುಣ್ಯದಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಕ್ರಿಸ್‌ಮಸ್ ಊಟದ ಹಕ್ಕಿ ಸತ್ತರೆ ಬಿಟ್ಟಾರೆಯೇ? ಹುಡುಕಿ ಹುಡುಕಿ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯನ್ನು ಹಿಡಿದರು, ಅದರೊಳಗಿನ ಬೂಷ್ಟನ್ನೂ ಹಿಡಿದರು. ಹದಿನಾಲ್ಕು ವರ್ಷ ಕಳೆದ ಮೇಲೆ, ಎಲ್ಲ ಗೊತ್ತಿದ್ದೂ, 1974ರಲ್ಲಿ ರಾಜಸ್ಥಾನದ ಬನ್ಸ್‌ವಾಡಾ, ಗುಜರಾತಿನ ಪಂಚಮಹಲ್ ಕಡೆ ಮಳೆಗೆ ನೆಂದ ಮೆಕ್ಕೆಜೋಳ ತಿಂದು ಜನ ಕಾಮಾಲೆ ಬಂದು ಬಿದ್ದರು. ದಾಖಲಾದ 397 ಜನರಲ್ಲಿ 106 ಮಂದಿ ಸತ್ತರು. ಅವರ ಜೊತೆ ಉಂಡ ನಾಯಿಗಳೂ ಸತ್ತವು. ಬಡವರು, ಆದಿವಾಸಿಗಳು. ಮನೆಯಲ್ಲಿ ಇದ್ದದ್ದು ಅದೊಂದೇ ಧಾನ್ಯ, ಅದನ್ನೇ ತಿಂದರು. 1995ರಲ್ಲಿ ನಮ್ಮ ದಖನ್ ಸೀಮೆಯ ಹಳ್ಳಿಗಳಲ್ಲೂ ಬೇರೊಂದು ಬೂಷ್ಟಿನ ವಿಷ ಕೂತ ಜೋಳ ತಿಂದು ಹೊಟ್ಟೆ ಹಿಡಿದುಕೊಂಡು ಒದ್ದಾಡಿದರು. ಇನ್ನೆಷ್ಟು ಸಲ ಜನರ ಹೊಟ್ಟೆಯನ್ನೇ ಲ್ಯಾಬ್ ಮಾಡುತ್ತೀರಿ?

ಹೋಗಲಿ ಬಿಡಿ, ಹಾಲು ಕುಡಿಯೋಣ. ಕೆಟ್ಟ ಕಾಳು ಹಸುವಿನ ಹೊಟ್ಟೆ ಸೇರಿದರೆ ವಿಷ ಹಾಲಿಗೂ ಇಳಿಯುತ್ತದೆ. 2018ರಲ್ಲಿ ಪ್ರಾಧಿಕಾರವೇ ದೇಶದ 6,432 ಹಾಲಿನ ಮಾದರಿ ಪರೀಕ್ಷಿಸಿತು. ಕಲಬೆರಕೆಯಿಂದ ಅಪಾಯಕಾರಿಯಾಗಿದ್ದವು 12. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದವು 368. ಇದು ಮೇವು, ಹಿಂಡಿಯಿಂದ ಬರುತ್ತದೆ, ಮೇವು ಹಿಂಡಿಗೆ ದೇಶದಲ್ಲಿ ನಿಯಂತ್ರಣ ಇಲ್ಲ ಅಂತ ಅವರೇ ಹೇಳಿದರು. ಹೇಳಿ, ಒಟ್ಟಾರೆ ಹಾಲು ಸುರಕ್ಷಿತ ಅಂತ ಪ್ರಕಟಣೆ ಕೊಟ್ಟರು.