ಟ್ರೈಪಾಡ್ ನೆಟ್ಟ ಜಾಗದಲ್ಲಿ ರೋಡು

ಕ್ಯಾಮೆರಾ ಹೆಗಲಿಗೇರಿಸಿ ಊರೂರು ಸುತ್ತೋದು ನನ್ನ ಚಟ. ಮನೆಯವಳು ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಇಲ್ಲಿ ಬರೆಯುವಂಥದ್ದಲ್ಲ. ಹೋದ ತಿಂಗಳು ಸೂರ್ಯೋದಯ ತೆಗೆಯಲು ನಂದಿಬೆಟ್ಟಕ್ಕೆ ಹೋಗಿದ್ದೆ. 1478 ಮೀಟರ್ ಎತ್ತರದಲ್ಲಿ ಸಿಕ್ಕಿದ್ದು ಬರೀ ಮಂಜು, ಮಂಜಿನೊಳಗೆ ಸೆಲ್ಫಿಗೆ ಎತ್ತಿದ ಕೈಗಳು. ಸೂರ್ಯನ ಸಹವಾಸ ಸಾಕು, ಈ ಸಲ ಜಿಂಕೆ ನೋಡೋಣ ಅಂತ ತುಮಕೂರಿನಿಂದ ನಸುಕಿಗೇ ಎದ್ದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕಡೆ ಹೊರಟೆ.

ಅಲ್ಲಿ ಜಯಮಂಗಲಿ ನದಿಯ ಹೆಸರಿನ ಕೃಷ್ಣಮೃಗ ಮೀಸಲು ಪ್ರದೇಶವಿದೆ. ಕಾಡು ಅಂದುಕೊಂಡು ಹೋದರೆ ಮೋಸ ಹೋಗುತ್ತೀರಿ. ಕಣ್ಣು ಹಾಯಿಸಿದಷ್ಟೂ ಹುಲ್ಲುಬಯಲು. ಕೃಷ್ಣಮೃಗಕ್ಕೆ ಬೇಕಿರೋದೂ ಅದೇ: ವೈರಿ ದೂರದಿಂದಲೇ ಕಾಣಬೇಕು, ಓಡಲು ಏನೂ ಅಡ್ಡ ಇರಬಾರದು. ಅದರ ಲೆಕ್ಕದಲ್ಲಿ ನಾನೂ ವೈರಿಯೇ. ಅದಕ್ಕೇ ದೂರದ್ದನ್ನು ಹತ್ತಿರ ಎಳೆದು ತೋರಿಸೋ 400 ಎಂಎಂ ಲೆನ್ಸು. ಸೋರೆಕಾಯಿ ಗಾತ್ರದ್ದು, ಕಂತು ಇನ್ನೂ ತೀರಿಲ್ಲ.

ಬಯಲಿನ ಅಂಚಿನಲ್ಲಿ, ಕಡಲೆಕಾಯಿ ಹೊಲದ ಪಕ್ಕದ ಬಂಡಿದಾರಿಯಲ್ಲಿ ಟ್ರೈಪಾಡ್ ನಿಲ್ಲಿಸಿದೆ. ದೂರದಲ್ಲಿ ಒಂದು ಗಂಡು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಕೊಂಬು. ಸುತ್ತ ಕಂದು ಬಣ್ಣದ ಹೆಣ್ಣುಗಳು. ಉಸಿರು ಹಿಡಿದು ಫೋಕಸ್ ಮಾಡುತ್ತಿದ್ದೇನೆ, ಹಿಂದೆ ಹಾಲಿನ ಕ್ಯಾನಿನ ಸದ್ದು.

"ಏನ್ ಸಾರ್, ಅಳತೇನಾ?"

ತಲೆಗೆ ಟವೆಲ್ ಸುತ್ತಿದ ಯಜಮಾನರೊಬ್ಬರು ಮೊಪೆಡ್ ಮೇಲೆ ಕೂತಿದ್ದರು.

"ಇಲ್ಲ ಯಜಮಾನ್ರೇ, ಜಿಂಕೆ ಫೋಟೋ."

"ಎಲ್ರೂ ಮೊದ್ಲು ಹಂಗೇ ಹೇಳೋದು. ರೋಡು ಎಷ್ಟು ಅಡಿ?"

ಅವರದ್ದೂ ತಪ್ಪಲ್ಲ. ನಮ್ಮ ಕಡೆ ಹೊಲದ ಪಕ್ಕ ಮೂರು ಕಾಲಿನ ಸ್ಟ್ಯಾಂಡ್ ನಿಂತರೆ ಅದು ಸರ್ವೆ. ಆಮೇಲೆ ಬರೋದು ರೋಡು, ಇಲ್ಲವೇ ಲೇಔಟು. ಅರ್ಧ ಗಂಟೆಯಲ್ಲಿ ಆರು ಜನ ಸೇರಿದರು. ಜಿಂಕೆಗಳು ಯಾವಾಗಲೋ ಜಾಗ ಖಾಲಿ ಮಾಡಿದ್ದವು. ಒಬ್ಬರು ಎಳನೀರು ಕೆತ್ತಿ ಕೈಗಿಟ್ಟು, "ನಮ್ ಬೋರು ಒಂದು ಉಳಿಸಿ ಸಾರ್, ಆ ಕಡೆ ಹತ್ತಡಿ ತಳ್ಳಿ" ಅಂದರು. ಆ ಕಡೆ ಹೊಲದವರು ಅಲ್ಲೇ ನಿಂತಿದ್ದರು. ಅವರು ಎರಡು ಎಳನೀರು ಕೆತ್ತಿಸಿದರು. ಮೂರನ್ನೂ ಕುಡಿದೆ. ಬೇಡ ಅಂದರೆ ರೋಡು ಎಲ್ಲಿಗೆ ತಿರುಗುತ್ತೋ ಅನ್ನೋ ಭಯ ಅವರ ಮುಖದಲ್ಲಿತ್ತು.

ಕೊನೆಗೆ, "ಫೋಟೋ ತೆಗೆಯೋನೇ ಕಣ್ರೀ, ನೋಡಿ" ಅಂತ ಕ್ಯಾಮೆರಾ ತಿರುಗಿಸಿ ಗುಂಡಿ ಒತ್ತಿದೆ. ಪರದೆಯ ಮೇಲೆ ಕಾರ್ಡೇ ಇಲ್ಲ ಅಂತ ಬಂತು. ರಾತ್ರಿ ಫೋಟೋ ಇಳಿಸಿಕೊಳ್ಳಲು ಲ್ಯಾಪ್‌ಟಾಪಿಗೆ ಚುಚ್ಚಿದ್ದು, ಅಲ್ಲೇ ಉಳಿದಿದೆ. ಬೆಳಗ್ಗೆಯಿಂದ ನಾನು ಒತ್ತಿದ್ದು ಸುಮ್ನೆ.

"ನೋಡಿದ್ರಾ, ಫೋಟೋನೇ ಇಲ್ಲ!" ಅಂದರು ಯಜಮಾನರು. ಕೇಸು ಮುಗಿಯಿತು.

ಬ್ಯಾಗೆಲ್ಲ ತಡಕಾಡಿದಾಗ ತಳದಲ್ಲಿ ಬಿಸ್ಕತ್ತಿನ ಪುಡಿಯ ಜೊತೆ ಹಳೇ 2 ಜಿಬಿ ಕಾರ್ಡೊಂದು ಸಿಕ್ಕಿತು. ಹಾಕಿ ಯಜಮಾನರ ಮುಖ ತೆಗೆದು ತೋರಿಸಿದೆ. ಮೂಗಿನ ಮೇಲಿನ ಬೆವರ ಹನಿಯೂ ಕಂಡಿತು. ಅವರ ದನಿಯೇ ಬದಲಾಯಿತು. "ಹಂಗಾದ್ರೆ ನಮ್ ಹಸೂದೊಂದು ತೆಗೀರಿ ಸಾರ್. ಇನ್ಶೂರೆನ್ಸ್‌ಗೆ ಬೇಕು. ಕಿವಿ ಓಲೆ ನಂಬರು ಕಾಣಬೇಕು, ನಾನೂ ಇರಬೇಕು."

400 ಎಂಎಂ ಲೆನ್ಸಿನಲ್ಲಿ ಹಸು ಹತ್ತಿರ ನಿಂತರೆ ಕಾಣೋದು ಒಂದು ಕಣ್ಣು, ಎರಡು ನೊಣ. ಹಸು, ಯಜಮಾನರು ಇಬ್ಬರೂ ಹಿಡಿಸಬೇಕಾದರೆ ಮೂವತ್ತು ಮೀಟರ್ ಹಿಂದೆ ಹೋಗಬೇಕು. ಬದುವಿನ ಮೇಲೆ ಹಿಂದಕ್ಕೆ ನಡೆಯುತ್ತಾ ಹೋದೆ, ಒಮ್ಮೆ ಕಾಲುವೆಗೆ ಕಾಲಿಟ್ಟೆ. ಅಲ್ಲಿಂದ ಕೂಗಾಟ ಶುರು.

"ಕಿವಿ ಈ ಕಡೆ ತಿರುಗಿಸೀ!"

"ಯಾರ್ದೂ?"

ಹಳದಿ ಓಲೆಯ ಮೇಲೆ 12 ಅಂಕಿ. ಹನ್ನೊಂದು ಕಾಣುವ ಹೊತ್ತಿಗೆ ಹಸು ಕಿವಿ ಬಡಿಯುತ್ತಿತ್ತು. ನೊಣ ಬಿಡಬೇಕಲ್ಲ. ಕಾರ್ಡು ತುಂಬುವವರೆಗೆ ತೆಗೆದೆ. ಕೊನೆಯದರಲ್ಲಿ 12 ಅಂಕಿಯೂ ಬಂತು, ಯಜಮಾನರು ಮಾತ್ರ ಕಣ್ಣು ಮುಚ್ಚಿದ್ದರು. ಹಸುವಿಗೆ ತಾನೇ ಇನ್ಶೂರೆನ್ಸ್, ನಡೆಯುತ್ತೆ ಅಂದುಕೊಂಡೆ.

ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ, ಆ ಫೋಟೋದಲ್ಲಿ ಹಸುವಿನ ಹೊಟ್ಟೆಯ ಕೆಳಗೆ, ದೂರದಲ್ಲಿ, ಮಸುಕಾಗಿ ತಿರುಚಿದ ಕೊಂಬು ಎರಡು! ನಾನು ಓಲೆ ನೋಡುತ್ತಿದ್ದಾಗ ಗಂಡು ವಾಪಸ್ ಬಂದು ನಿಂತಿತ್ತು. ಇಡೀ ದಿನದಲ್ಲಿ ನನಗೆ ಸಿಕ್ಕ ಕೃಷ್ಣಮೃಗ ಅಷ್ಟೇ. ಖುಷಿಗೆ ಅದನ್ನೇ ಯಜಮಾನರಿಗೆ ವಾಟ್ಸಾಪ್ ಮಾಡಿದೆ.

ಹತ್ತು ನಿಮಿಷದಲ್ಲಿ ವಾಯ್ಸ್ ಮೆಸೇಜ್ ಬಂತು. "ಸಾರ್, ನಂಬರು ಚೆನ್ನಾಗೈತೆ. ಹೊಟ್ಟೆ ಕೆಳಗೆ ಅದೆಂಥದೋ ಕೊಂಬಿಂದು ಬಂದೈತೆ, ಅಳಿಸಿ ಕಳಿಸಿ."

ಅದರ ಹಿಂದೆಯೇ ಇನ್ನೊಂದು. "ಬೋರು ಮರೀಬ್ಯಾಡಿ."