ನನ್ನ ಬಾಬಿನ್ ರಾಟೆಗೆ ಮೋಟರ್ ಬೇಡ

ಮೇಜಿನ ಮೇಲಿರುವ, ಲೇಸಿನ ಬಾಬಿನ್ನಿಗೆ ನೂಲು ಸುತ್ತುವ ಆ ವಸ್ತುವನ್ನು ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಎರಡು ಹಳೇ ಸಿ.ಡಿ., ಒಂದು ಬೋಲ್ಟು, ಮರದ ತುಂಡು, ನಡುವೆ ಒಂದು ದಾರ. ಅಷ್ಟೇ ಇರುವುದು. "ಇದಕ್ಕೊಂದು ಮೋಟರ್ ಹಾಕಿಬಿಟ್ಟಿದ್ರೆ ಮುಗೀತಲ್ವಾ?"

ಹಾಕಿದ್ದೆ. ಅದಕ್ಕೇ ಈಗ ತೆಗೆದಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಬಾಬಿನ್ ಲೇಸ್ ಅಂದರೆ ಕ್ರೋಶಾ ಅಲ್ಲ, ಉಲ್ಲನ್ ಹೆಣಿಗೆಯೂ ಅಲ್ಲ. ಗಟ್ಟಿ ದಿಂಬಿನ ಮೇಲೆ ನಕ್ಷೆಯ ಹಾಳೆ ಇಡುತ್ತೇವೆ. ಅದರ ತೂತುಗಳಲ್ಲಿ ಗುಂಡುಸೂಜಿ ಚುಚ್ಚುತ್ತಾ, ನೂಲು ಸುತ್ತಿದ ಪುಟ್ಟ ಮರದ ಕಡ್ಡಿಗಳನ್ನು ಆಚೀಚೆ ದಾಟಿಸುತ್ತಾ ಲೇಸ್ ಹೆಣೆಯುತ್ತೇವೆ. ಆ ಕಡ್ಡಿಯೇ ಬಾಬಿನ್. ಹೊಲಿಗೆ ಮೆಷಿನ್ನಿನ ದುಂಡನೆಯ ಬಾಬಿನ್ ಬೇರೆ, ಇದು ಬೇರೆ. ಇಡೀ ಕೆಲಸದಲ್ಲಿ ಇರುವುದು ಎರಡೇ ಚಲನೆ. ಎಡದ್ದನ್ನು ಬಲದ್ದರ ಮೇಲೆ ದಾಟಿಸುವುದು ಒಂದು. ಬಲದ್ದನ್ನು ಎಡದ್ದರ ಮೇಲೆ ತಿರುಚುವುದು ಇನ್ನೊಂದು. ಎಷ್ಟೇ ದೊಡ್ಡ ಲೇಸ್ ಆಗಲಿ, ಈ ಎರಡರಲ್ಲೇ ಹುಟ್ಟುತ್ತದೆ.

ಕೇಳೋಕೆ ಸುಲಭ. ಆದರೆ ದಾಟಿಸುವ ಮೊದಲು ಸುತ್ತಬೇಕಲ್ಲ!

ಒಂದು ಲೆಕ್ಕ ಹಾಕಿ ನೋಡಿ. ನೂಲು ಸುತ್ತುವ ಜಾಗದಲ್ಲಿ ನನ್ನ ಬಾಬಿನ್ನಿನ ಕುತ್ತಿಗೆ 5 ಮಿ.ಮೀ. ದಪ್ಪ ಇದೆ. ಅಂದರೆ ಒಂದು ಸುತ್ತಿಗೆ 15.7 ಮಿ.ಮೀ. ನೂಲು. ಒಂದು ಬಾಬಿನ್ನಿಗೆ 2 ಮೀಟರ್ ಬೇಕೆಂದರೆ ಸುಮಾರು 127 ಸುತ್ತು. ನೂಲು ತುಂಬುತ್ತಾ ಹೋದಂತೆ ದಪ್ಪ ಹೆಚ್ಚುವುದರಿಂದ ಸ್ವಲ್ಪ ಕಮ್ಮಿ ಆಗಬಹುದು, ಇರಲಿ. ಬಾಬಿನ್ ಯಾವಾಗಲೂ ಜೋಡಿಯಲ್ಲೇ ಕೆಲಸ ಮಾಡುವುದು. 20 ಜೋಡಿಯ ಸಾಧಾರಣ ಅಂಚಿನ ಲೇಸಿಗೆ 40 ಬಾಬಿನ್, 5 ಸಾವಿರ ಸುತ್ತು. ಬೆರಳಲ್ಲಿ ಒಂದು ಸಲ ಹೊರಳಿಸಿದರೆ ಅರ್ಧ ಸುತ್ತು ಬರುತ್ತದೆ. ಅಲ್ಲಿಗೆ 10 ಸಾವಿರ ಸಲ ಬೆರಳು ಆಡಿಸಬೇಕು. ಲೇಸ್ ಇನ್ನೂ ಶುರುವೇ ಆಗಿಲ್ಲ! ನನ್ನ ಮೊದಲನೇ ವರ್ಷದ ಹೆಬ್ಬೆರಳು ನೋವು ಬಂದದ್ದು ಇಲ್ಲಿಂದಲೇ.

ಹಾಗಾಗಿ ಯಂತ್ರ ಬೇಕು ಅನ್ನುವುದರಲ್ಲಿ ತಕರಾರಿಲ್ಲ. ಯಾವ ಯಂತ್ರ ಅನ್ನುವುದರಲ್ಲಿ ಇದೆ.

ನಮ್ಮ ಭಾವ ಇಂಜಿನಿಯರ್. ನನ್ನ ಗೋಳು ಕೇಳಿ ಒಂದು ಭಾನುವಾರ ಆಟಿಕೆ ಕಾರಿನ ಮೋಟರ್, ಎರಡು ಸೆಲ್, ಒಂದು ಸ್ವಿಚ್ ಹಿಡಿದುಕೊಂಡು ಬಂದರು. ಅರ್ಧ ಗಂಟೆಯಲ್ಲಿ ಯಂತ್ರ ರೆಡಿ. ಸ್ವಿಚ್ ಒತ್ತಿದೆ. ಟಪ್ ಅಂತ ನೂಲು ಕಿತ್ತಿತು. ಮತ್ತೆ ಕಟ್ಟಿದೆ, ಮತ್ತೆ ಟಪ್. ಮೂರನೇ ಸಲ ದಪ್ಪ ನೂಲು ಹಾಕಿದೆ. ಅದು ಕಿತ್ತು ಹೋಗಲಿಲ್ಲ, ಸುತ್ತಿಕೊಂಡಿತು. ಖುಷಿಯಿಂದ ಸ್ವಿಚ್ ಆರಿಸಿದೆ. ಮೋಟರ್ ನಿಂತಿತು, ನೂಲಿನ ಉಂಡೆ ನಿಲ್ಲಲಿಲ್ಲ! ಅದು ತನ್ನ ಪಾಡಿಗೆ ತಿರುಗುತ್ತಾ ನೂಲು ಬಿಚ್ಚುತ್ತಾ ಹೋಯಿತು. ಮೇಜಿನ ಮೇಲೆ ಗುಬ್ಬಿ ಗೂಡು. "ಅಮ್ಮ, ಇದೂ ಲೇಸೇನಾ?" ಅಂತ ಮಗಳು ಕೇಳಿದಳು.

ತಪ್ಪು ಭಾವನದ್ದಲ್ಲ, ಮೋಟರಿನದ್ದೂ ಅಲ್ಲ. ಅಂಥ ಮೋಟರ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. 3,000 ಅಂತಲೇ ಇಟ್ಟುಕೊಳ್ಳಿ. ನನ್ನ 127 ಸುತ್ತು ಎರಡೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಸುಮ್ಮನೆ ಕೂತಿದ್ದ ಉಂಡೆಯನ್ನು ಅಷ್ಟು ವೇಗಕ್ಕೆ ಒಮ್ಮೆಲೇ ಎಳೆದರೆ ಆ ಭಾರವೆಲ್ಲ ಬೀಳುವುದು ಕೂದಲೆಳೆಯಂಥ ನೂಲಿನ ಮೇಲೆ. ವೇಗ ಕಮ್ಮಿ ಮಾಡುವ ಸರ್ಕ್ಯೂಟ್ ಹಾಕಬಹುದು, ಕಾಲಲ್ಲಿ ಒತ್ತುವ ಪೆಡಲ್ ಹಾಕಬಹುದು. ಒಳ್ಳೇ ಮೋಟರ್ ಯಂತ್ರಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ನೂಲು ಎಲ್ಲೋ ಸಿಕ್ಕಿಕೊಂಡಿತು ಅಂತ ಮೋಟರಿಗೆ ಗೊತ್ತಾಗುವುದಿಲ್ಲ. ಹಿಡಿಕೆ ಹಿಡಿದ ಕೈಗೆ ಗೊತ್ತಾಗುತ್ತದೆ. ನೂಲು ಬಿಗಿದ ಕೂಡಲೇ ಹಿಡಿಕೆ ಭಾರ ಆಗುತ್ತದೆ, ಕೈ ತಾನಾಗಿ ನಿಲ್ಲುತ್ತದೆ. ಈ ಒಂದು ಗುಣ ಬಿಟ್ಟುಕೊಟ್ಟು ವೇಗ ಪಡೆಯುವುದರಲ್ಲಿ ನನಗೆ ಲಾಭ ಕಾಣಲಿಲ್ಲ.

ಮುಂದಿನ ಪ್ರಯತ್ನ ಕೈಯಲ್ಲಿ ತಿರುಗಿಸುವ ಹಳೇ ಡ್ರಿಲ್. ಹಲ್ಲುಚಕ್ರ ಇರುತ್ತಲ್ಲ, ಆ ಥರದ್ದು. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಡ್ರಿಲ್ಲನ್ನು ಮಲಗಿಸಿ ಮೇಜಿಗೆ ಬಿಗಿಯಿರಿ. ಅದರ ಬಾಯಿಗೆ ಒಂದು ಕಡ್ಡಿ, ಕಡ್ಡಿಯ ತುದಿಗೆ ರಬ್ಬರ್ ಕೊಳವೆಯ ತುಂಡು, ಕೊಳವೆಯೊಳಗೆ ಬಾಬಿನ್ನಿನ ಬಾಲ. ಹಿಡಿಕೆ ಒಮ್ಮೆ ತಿರುಗಿದರೆ ಬಾಬಿನ್ ಸುಮಾರು ನಾಲ್ಕು ಸಲ ತಿರುಗುತ್ತದೆ. ಹತ್ತು ನಿಮಿಷದ ಕೆಲಸ. ಎಷ್ಟೋ ಜನಕ್ಕೆ ಇಷ್ಟೇ ಸಾಕು.

ನನಗೆ ಸಾಕಾಗಲಿಲ್ಲ. ಕಾರಣ ಮಣಿ.

ಬಾಬಿನ್ ಎಲ್ಲಾ ಕಡೆ ಒಂದೇ ಥರ ಇರುವುದಿಲ್ಲ. ಇಂಗ್ಲೆಂಡಿನ ಹೊನಿಟನ್ ಲೇಸಿನ ಬಾಬಿನ್ ನುಣುಪು, ತುದಿ ಚೂಪು, ಮಣಿ ಗಿಣಿ ಏನೂ ಇಲ್ಲ. ಅಲ್ಲಿ ಬಾಬಿನ್ನನ್ನೇ ನೂಲಿನ ಕುಣಿಕೆಯೊಳಗೆ ತೂರಿಸಬೇಕಾಗುತ್ತದೆ, ಏನಾದರೂ ಸಿಕ್ಕಿಕೊಂಡರೆ ಕಷ್ಟ. ಅದೇ ದೇಶದ ಬೆಡ್‌ಫರ್ಡ್‌ಶೈರ್ ಕಡೆಯ ಬಾಬಿನ್ನಿಗೆ ಬಾಲದಲ್ಲಿ ತಂತಿಯ ಬಳೆ, ಬಳೆ ತುಂಬಾ ಗಾಜಿನ ಮಣಿ. ಅಂದಕ್ಕೂ ಹೌದು, ಮುಖ್ಯವಾಗಿ ಭಾರಕ್ಕೆ ಮತ್ತು ದಿಂಬಿನ ಮೇಲೆ ಉರುಳದೆ ನಿಲ್ಲುವುದಕ್ಕೆ. ಯುರೋಪಿನ ಬೇರೆ ಕಡೆ ಹೊಟ್ಟೆ ದಪ್ಪ ಇರುವವು ಇವೆ. ನೂಲಿನ ಮೇಲೆ ಮರದ ಟೊಪ್ಪಿಗೆ ತೊಟ್ಟವೂ ಇವೆ. ನನ್ನ ಹತ್ತಿರ ಇರುವುದು ಮಣಿ ಬಾಬಿನ್. ಬಾಲದಲ್ಲಿ ಮಣಿ ಬಳೆ ಇಟ್ಟುಕೊಂಡು ರಬ್ಬರ್ ಕೊಳವೆಯೊಳಗೆ ಹೇಗೆ ತೂರುವುದು?

ರೆಡಿಮೇಡ್ ಯಂತ್ರ ತರಿಸುವವರಿಗೆ ನನ್ನ ಮಾತು ಇಲ್ಲೇ ಇರುವುದು. ಚಕ್ರ ಹೇಗಿದೆ, ಪಾಲಿಶ್ ಹೇಗಿದೆ ಅಂತ ನೋಡಬೇಡಿ. ನಿಮ್ಮ ಬಾಬಿನ್ನನ್ನು ಅದು ಹೇಗೆ ಹಿಡಿಯುತ್ತದೆ ಅಂತ ನೋಡಿ. ಚಕ್ರ ಯಾರು ಬೇಕಾದರೂ ಮಾಡುತ್ತಾರೆ. ಹಿಡಿತವೇ ಯಂತ್ರ.

ನನ್ನ ಹಿಡಿತ ಹೀಗಿದೆ. ಬೆರಳು ದಪ್ಪದ ಮರದ ಕಡ್ಡಿ, ಉದ್ದಕ್ಕೂ ಒಂದು ತೋಡು ಕೊರೆದದ್ದು. ಬಾಬಿನ್ ಅದರಲ್ಲಿ ಮಲಗುತ್ತದೆ, ಕುತ್ತಿಗೆ ಮಾತ್ರ ಹೊರಗೆ. ಮೇಲೆ ಎರಡು ರಬ್ಬರ್ ಬ್ಯಾಂಡ್. ಮಣಿ ಬಳೆಯನ್ನು ಹಿಂದಕ್ಕೆ ಮಡಚಿ ಎರಡನೇ ಬ್ಯಾಂಡಿನ ಕೆಳಗೆ ಸಿಕ್ಕಿಸುತ್ತೇನೆ, ಇಲ್ಲದಿದ್ದರೆ ತಿರುಗುವಾಗ ಟಕಟಕ ಬಡಿಯುತ್ತದೆ. ತೋಡಿನ ಆಳ ಸರಿಯಾಗಿ ಬರಲು ನಾಲ್ಕು ಕಡ್ಡಿ ಹಾಳು ಮಾಡಿದೆ. ಬಾಬಿನ್ನಿನ ನಡುಗೆರೆ ತಿರುಗುವ ನಡುಗೆರೆಗೆ ಸೇರಲೇಬೇಕು. ಒಂದು ಮಿ.ಮೀ. ಆಚೆ ಈಚೆ ಆದರೂ ಕುತ್ತಿಗೆ ಗಿರಗಿರ ಸುತ್ತು ಹೊಡೆಯುತ್ತದೆ, ನೂಲು ಒಮ್ಮೆ ಬಿಗಿ ಒಮ್ಮೆ ಸಡಿಲ. ತೆಳು ನೂಲು ಇಂಥದ್ದನ್ನು ಸಹಿಸುವುದಿಲ್ಲ.

ಉಳಿದದ್ದೆಲ್ಲ ಹಳೇ ರಾಟೆಯ ಬುದ್ಧಿಯೇ. ದೊಡ್ಡ ಚಕ್ರ, ಸಣ್ಣ ಕದಿರು, ನಡುವೆ ದಾರ. ನೇಯುವವರು ಅಡ್ಡ ನೂಲಿನ ಕಂಡಿಕೆ ಸುತ್ತುವುದೂ ಹೀಗೇ. ಹಿಂದೆ ಇಂಗ್ಲೆಂಡಿನ ಲೇಸಿನವರ ಮನೆಯಲ್ಲಿದ್ದ ಮರದ ಯಂತ್ರವೂ ಹೀಗೇ, ಒಂದು ಕಡೆ ನೂಲಿನ ಲಡಿ ಹಾಕುವ ತೋಳುಗಳು, ಇನ್ನೊಂದು ಕಡೆ ಚಕ್ರ.

ಎರಡು ಸಿ.ಡಿ. ನಡುವೆ 11 ಸೆಂ.ಮೀ. ಅಗಲದ ದಪ್ಪ ರಟ್ಟಿನ ಬಿಲ್ಲೆ ಇಟ್ಟು ಅಂಟಿಸಿದೆ. ಸಿ.ಡಿ. 12 ಸೆಂ.ಮೀ. ಇರುವುದರಿಂದ ಅಂಚಿನಲ್ಲಿ ಸುತ್ತಲೂ ಅರ್ಧ ಸೆಂ.ಮೀ. ಕಾಲುವೆ ತಾನಾಗಿ ಸಿಗುತ್ತದೆ, ದಾರ ಅದರೊಳಗೆ ಕೂರುತ್ತದೆ. ಸಿ.ಡಿ. ನುಣುಪಿಗೆ ಅಂಟು ಹಿಡಿಯುವುದಿಲ್ಲ, ಮೊದಲು ಎಮರಿ ಪೇಪರಿನಲ್ಲಿ ಉಜ್ಜಿ. ಹಿಡಿಕೆ ಕೂರಿಸಲು ಸಿ.ಡಿ. ಅಂಚಿಗೆ ತೂತು ಕೊರೆಯಬೇಡಿ, ಬಿರುಕು ಬಿಡುತ್ತದೆ. ಮರದ ಪಟ್ಟಿಯೊಂದನ್ನು ಅಡ್ಡಕ್ಕೆ ಕೂರಿಸಿ ಅದಕ್ಕೆ ಹಿಡಿಕೆ ಹಾಕಿ.

ಕದಿರಿನ ಜಾಗಕ್ಕೆ 8 ಮಿ.ಮೀ. ಬೋಲ್ಟು, ಬಾಬಿನ್ ಹಿಡಿಯುವ ಕಡ್ಡಿ ಇದರ ತುದಿಗೆ. ಸ್ಕೇಟಿಂಗ್ ಚಕ್ರದೊಳಗೆ 608 ಅನ್ನುವ ಬೇರಿಂಗ್ ಇರುತ್ತದೆ, ಒಳಗಿನ ತೂತು ಸರಿಯಾಗಿ 8 ಮಿ.ಮೀ. ಮಗಳ ಹಳೇ ಸ್ಕೇಟಿನಿಂದ ಎರಡು ಕಿತ್ತೆ. (ಕೇಳಿಯೇ ಕಿತ್ತೆ.) ದೊಡ್ಡ ಚಕ್ರಕ್ಕೆ ಬೇರಿಂಗ್ ಬೇಕಿಲ್ಲ, ಅದು ನಿಧಾನ ತಿರುಗುವುದು, ಮೇಣ ಸವರಿದ ಮರದ ತೂತೇ ಸಾಕು. ಬೋಲ್ಟಿನ ಮೇಲೆ ರಬ್ಬರ್ ಕೊಳವೆ ತೊಡಿಸಿದ್ದೇನೆ, ಹೊರಗಿನ ಅಗಲ 12 ಮಿ.ಮೀ. ದಾರ ಸುತ್ತಿಕೊಳ್ಳುವುದು ಅದಕ್ಕೇ. 11 ಸೆಂ.ಮೀ. ಗೆ 1.2 ಸೆಂ.ಮೀ., ಅಂದರೆ ಹಿಡಿಕೆ ಒಂದು ಸುತ್ತಿಗೆ ಬಾಬಿನ್ ಸುಮಾರು 9 ಸುತ್ತು. ಒಂದು ಬಾಬಿನ್ನಿಗೆ ಹಿಡಿಕೆ 14 ಸಲ ತಿರುಗಿಸಿದರೆ ಆಯಿತು. 127 ಎಲ್ಲಿ, 14 ಎಲ್ಲಿ!

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಹಿಡಿಕೆ ಎಣಿಸಿದರೆ ಉದ್ದ ಗೊತ್ತಾಗುತ್ತದೆ. ಜೋಡಿ ಬಾಬಿನ್ನಿಗೆ ಒಂದೇ ನೂಲು, ಎರಡೂ ತುದಿಗೆ ಒಂದೊಂದು ಬಾಬಿನ್. ಆಗ ಲೇಸಿನ ಶುರುವಿನಲ್ಲಿ ಗಂಟು ಬರುವುದಿಲ್ಲ. ಮೊದಲನೆಯದಕ್ಕೆ 28 ಸಲ ತಿರುಗಿಸುತ್ತೇನೆ, ನೂಲು ಕತ್ತರಿಸುತ್ತೇನೆ. ಆ ತುದಿಯನ್ನು ಎರಡನೆಯದಕ್ಕೆ ಸಿಕ್ಕಿಸಿ, ಮೊದಲನೆಯದನ್ನು ಬೆರಳುಗಳ ನಡುವೆ ಸಡಿಲವಾಗಿ ತಿರುಗಲು ಬಿಟ್ಟು, 14 ಸಲ ತಿರುಗಿಸುತ್ತೇನೆ. ಒಂದು ಗೇಣು ಹೆಚ್ಚು ಕಮ್ಮಿ ಆಗುತ್ತದೆ, ಪರವಾಗಿಲ್ಲ.

ನೆಟ್ಟಗೆ ಹಾಕಿದ ದಾರ ಸಣ್ಣ ಕೊಳವೆಯ ಮೇಲೆ ಜಾರುತ್ತಿತ್ತು. ಇಂಗ್ಲಿಷ್ 8 ರ ಆಕಾರದಲ್ಲಿ ಅಡ್ಡ ಹಾಯಿಸಿದೆ. ಈಗ ಕೊಳವೆಯನ್ನು ಜಾಸ್ತಿ ಭಾಗ ತಬ್ಬಿಕೊಳ್ಳುತ್ತದೆ, ಜಾರುವುದಿಲ್ಲ. ಆದರೆ ಬಾಬಿನ್ ಉಲ್ಟಾ ತಿರುಗಲು ಶುರುವಾಯಿತು! ಹಿಡಿಕೆ ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಸರಿಹೋಗುತ್ತದೆ, ಅಷ್ಟಕ್ಕೆ ಒಂದು ಸಂಜೆ ತಲೆ ಕೆಡಿಸಿಕೊಂಡಿದ್ದೆ. ದಿಕ್ಕು ಸಣ್ಣ ವಿಷಯ ಅಲ್ಲ. ನೂಲು ತಾನಾಗಿ ಬಿಚ್ಚಿಕೊಳ್ಳದಂತೆ ಬಾಬಿನ್ನಿನ ತಲೆಯ ಹತ್ತಿರ ಒಂದು ಕುಣಿಕೆ ಹಾಕುತ್ತೇವೆ, ಅದು ಸುತ್ತಿನ ದಿಕ್ಕಿಗೆ ಹೊಂದಬೇಕು. ಹತ್ತು ಬಾಬಿನ್ ಹಾಗೆ, ಹತ್ತು ಹೀಗೆ ಸುತ್ತಿಟ್ಟರೆ ಹೆಣೆಯುವಾಗ ಕೈ ಗೊಂದಲಕ್ಕೆ ಬೀಳುತ್ತದೆ.

ನನಗೆ ತಡವಾಗಿ ಅರ್ಥವಾದ ವಿಷಯ ಒಂದಿದೆ. ನೂಲಿನ ಉಂಡೆಯನ್ನು ನಿಲ್ಲಿಸಿಟ್ಟು ತುದಿಯ ಮೇಲಿಂದ ಎಳೆಯಬೇಡಿ. ಹಾಗೆ ಎಳೆದರೆ ಬಿಚ್ಚಿಕೊಳ್ಳುವ ಒಂದೊಂದು ಸುತ್ತಿಗೂ ನೂಲಿಗೆ ಒಂದು ತಿರುಚು ಸೇರುತ್ತದೆ, ಇಲ್ಲಾ ಇರುವ ತಿರುಚು ಬಿಚ್ಚುತ್ತದೆ. ಎರಡೂವರೆ ಸೆಂ.ಮೀ. ಅಗಲದ ಉಂಡೆಯಾದರೆ ಮೀಟರಿಗೆ ಸುಮಾರು 13 ತಿರುಚು. ಆಮೇಲೆ ದಿಂಬಿನ ಮೇಲೆ ನೂಲು ಸುರುಳಿ ಸುರುಳಿ ಆಗುತ್ತದೆ, ಅಥವಾ ಎಳೆ ಬಿಟ್ಟುಕೊಂಡು ಕಿತ್ತು ಬರುತ್ತದೆ. ನಾವು ನೂಲಿನ ಗುಣಮಟ್ಟ ಬೈಯುತ್ತಾ ಕೂರುತ್ತೇವೆ. ನಾನು ಬೈದಿದ್ದೇನೆ. ಉಂಡೆಯನ್ನು ಕಡ್ಡಿಗೆ ಪೋಣಿಸಿ ಅಡ್ಡ ಮಲಗಿಸಿ, ಅದೂ ತಿರುಗಲಿ. ಬಾಬಿನ್ನನ್ನು ಅಲ್ಲಾಡದಂತೆ ಹಿಡಿದು ನೂಲನ್ನು ಅದರ ಸುತ್ತ ಬಳಸುವವರಿಗೂ ಇದೇ ತೊಂದರೆ. ತಿರುಗಬೇಕಾದ್ದು ಬಾಬಿನ್, ನೂಲಲ್ಲ.

ಇನ್ನೊಂದು ಗುಂಪು ಇದೆ. ಯಂತ್ರದಲ್ಲಿ ಸುತ್ತಿದರೆ ಕೈಕೆಲಸ ಹೇಗಾಯಿತು ಅನ್ನುವವರು. ನನಗೆ ಕಲಿಸಿದವರಲ್ಲೂ ಒಬ್ಬರು ಹಾಗೆ ಅಂದಿದ್ದರು, ಆಗ ಮುಖ ಸಣ್ಣದು ಮಾಡಿಕೊಂಡು ಸುಮ್ಮನಿದ್ದೆ. ಈಗ ಸುಮ್ಮನಿರುವುದಿಲ್ಲ. ಯಂತ್ರ ಕೈಕೆಲಸವನ್ನು ಕಸಿದದ್ದು ಹೇಗಿತ್ತು ಅಂತ ನೋಡಬೇಕಾದರೆ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಕತೆ ನೋಡಿ. 1809 ರಲ್ಲಿ ಆತ ಪೇಟೆಂಟ್ ಪಡೆದ ಯಂತ್ರ ದಿಂಬಿನ ಮೇಲೆ ಹೆಣೆಯುವ ಬಲೆಯನ್ನೇ ತಾನು ಹೆಣೆಯಿತು. ಕೋಪಗೊಂಡ ಜನ 1816 ರಲ್ಲಿ ಲಫ್‌ಬರೋದ ಆತನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿ ಮಾಡಿದರು, ಆತ ಟಿವರ್ಟನ್‌ಗೆ ಹೋಗಿ ಮತ್ತೆ ಶುರು ಮಾಡಿದ. ಅದು ದಾಟಿಸುವ, ತಿರುಚುವ ಕೆಲಸವನ್ನು ಕಿತ್ತುಕೊಂಡ ಯಂತ್ರ. ನನ್ನ ಸಿ.ಡಿ. ಚಕ್ರ ಒಂದು ಎಳೆಯನ್ನೂ ಹೆಣೆಯುವುದಿಲ್ಲ. ಅದು ಹೆಬ್ಬೆರಳನ್ನು ಉಳಿಸುತ್ತದೆ, ಆ ಹೆಬ್ಬೆರಳು ದಿಂಬಿನ ಮೇಲೆ ಕೆಲಸ ಮಾಡುತ್ತದೆ. ಇದರಲ್ಲಿ ಮೋಸ ಏನು ಬಂತು?

ಕೊರತೆ ಇಲ್ಲವೇ ಅಂದರೆ ಇದೆ. ಮಳೆಗಾಲದಲ್ಲಿ ದಾರದ ಬೆಲ್ಟ್ ಬಿಗಿತ ಬದಲಾಗುತ್ತದೆ. ಮೇಜಿಗೆ ಕ್ಲಾಂಪ್ ಹಾಕದಿದ್ದರೆ ಯಂತ್ರ ನಡೆದಾಡುತ್ತದೆ. ನೋಡೋಕೆ ಚೆನ್ನಾಗಿಲ್ಲ, ಅದನ್ನು ಒಪ್ಪುತ್ತೇನೆ.

ಮುಂದಿನ ಲೇಸಿಗೆ 62 ಜೋಡಿ ಬೇಕು, 124 ಬಾಬಿನ್. ಹೋದ ವಾರ ಭಾವ ಬಂದಿದ್ದರು. ಮೋಟರ್ ಮಾತು ಎತ್ತುವ ಮೊದಲೇ ಕೂರಿಸಿ ಹಿಡಿಕೆ ಕೈಗೆ ಕೊಟ್ಟೆ. ಮಾತಾಡುತ್ತಾ ಮಾತಾಡುತ್ತಾ ಹನ್ನೆರಡು ಸುತ್ತಿದರು. ಎರಡು ಸಲ ನೂಲು ಸಿಕ್ಕಿಕೊಂಡಿತು, ಎರಡು ಸಲವೂ ಕಿತ್ತು ಹೋಗುವ ಮೊದಲೇ ಕೈ ನಿಲ್ಲಿಸಿದರು. ಎದ್ದು ಹೋಗುವಾಗ ಬೆಲ್ಟ್ ಸ್ವಲ್ಪ ಸಡಿಲ ಇದೆ ಅಂದರು.

ಇದೆ. ಇವತ್ತು ಬಿಗಿ ಮಾಡಬೇಕು.